ಧಾರೆಯ ಫೋಟೊಗೆ ಡಿಎಸ್‌ಸಿ 4821 ಎಂಬ ಹೆಸರು

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿಗೆ ಹಾಸನದಲ್ಲಿ ಮದುವೆ. ಛತ್ರವನ್ನು ಅಪ್ಪ ಗೊತ್ತು ಮಾಡಿದ್ದಾರೆ, ಅಡುಗೆಯವರು ದೊಡ್ಡಪ್ಪನ ಕಡೆಯವರು, ಪುರೋಹಿತರು ಮೊದಲಿನಿಂದಲೂ ಮನೆಗೆ ಬರುವವರು. ಫೋಟೊದವರನ್ನು ಮಾತ್ರ ತಾನೇ ಆರಿಸುತ್ತೇನೆಂದು ಅವಳ ಹಟ. ಹುಡುಕಾಟ ನಡೆಯುವುದು ಫೋನಿನಲ್ಲಿ, ರಾತ್ರಿ ಊಟವಾದ ಮೇಲೆ. ಊರಿನ ಹೆಸರು ಹಾಕಿ ‘ವೆಡ್ಡಿಂಗ್ ಫೋಟೊಗ್ರಾಫರ್’ ಎಂದು ಗೂಗಲ್ ಮಾಡುತ್ತಾಳೆ. ಬಂದ ಹೆಸರುಗಳಲ್ಲಿ ಒಂದನ್ನು ಒತ್ತುತ್ತಾಳೆ. ಬಿಳಿ ಪರದೆ, ನಡುವೆ ತಿರುಗುವ ಚಕ್ರ. ಒಂದಿಷ್ಟು ಕಾದು, ಹಿಂದಕ್ಕೆ ಬಂದು, ಇನ್ನೊಂದನ್ನು ಒತ್ತುತ್ತಾಳೆ.

ಆ ಬಿಳಿ ಪರದೆಯ ಹಿಂದಿದ್ದವರು ಜಿಲ್ಲೆಯಲ್ಲೇ ಒಳ್ಳೆಯ ಕೆಲಸಗಾರರಿರಬಹುದು. ಧಾರೆಯ ಹೊತ್ತಿನಲ್ಲಿ ಪುರೋಹಿತರ ಭುಜದ ಸಂದಿಯಿಂದಲೇ ತಾಯಿಯ ಕಣ್ಣಂಚಿನ ನೀರು ಹಿಡಿಯಬಲ್ಲವರು. ಕ್ಯಾಮೆರಾ, ಲೆನ್ಸು, ಡ್ರೋನು ಎಂದು ಲಕ್ಷಗಟ್ಟಲೆ ಹಾಕಿದ್ದಾರೆ. ವೆಬ್‌ಸೈಟನ್ನು ಮಾತ್ರ ಯಾರೋ ಪರಿಚಯದ ಹುಡುಗನ ಕೈಗೆ ಕೊಟ್ಟು, ಹಾರ್ಡ್‌ಡಿಸ್ಕಿನಲ್ಲಿದ್ದ ಒಳ್ಳೊಳ್ಳೆ ಫೋಟೊಗಳನ್ನು ಇದ್ದ ಹಾಗೇ ಅದರೊಳಗೆ ಸುರಿಸಿದ್ದಾರೆ. ನಾನು ನೋಡಿದ ಸ್ಟುಡಿಯೋ ಸೈಟುಗಳಲ್ಲಿ ಬಹುಪಾಲಿನ ಕಾಯಿಲೆ ಎರಡೇ. ಮೈ ತುಂಬ ಭಾರ, ಬಾಯಲ್ಲಿ ಮಾತಿಲ್ಲ.

ಭಾರದ ಲೆಕ್ಕ ಸುಲಭ, ಅದನ್ನು ಮೊದಲು ಮುಗಿಸೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರವೆಂದರೆ ಅಗಲಕ್ಕೆ 6000, ಎತ್ತರಕ್ಕೆ 4000 ಪಿಕ್ಸೆಲ್. ಜೆಪೆಗ್ ಆದಮೇಲೂ ಅದು ಸುಮಾರು 10 ಎಂಬಿ ತೂಗುತ್ತದೆ. ಮುಖಪುಟದಲ್ಲಿ ಇಂಥ 20 ಚಿತ್ರ ಸಾಲಾಗಿ ಇಟ್ಟರೆ 200 ಎಂಬಿ. ಸೆಕೆಂಡಿಗೆ 5 ಮೆಗಾಬಿಟ್ ಬರುವ ಸಿಗ್ನಲ್ಲಿನಲ್ಲಿ ಅಷ್ಟೂ ಇಳಿಯಲು ಐದು ನಿಮಿಷಕ್ಕೂ ಹೆಚ್ಚು ಬೇಕು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರ ಡೇಟಾದಲ್ಲಿ ಎಂಟನೇ ಒಂದು ಪಾಲು ಒಂದೇ ಪುಟಕ್ಕೆ ಖರ್ಚು. ಇಷ್ಟೆಲ್ಲ ಇಳಿದು ಬಂದು ಕೂರುವುದಾದರೂ ಎಲ್ಲಿ? 1080 ಪಿಕ್ಸೆಲ್ ಅಗಲದ ಫೋನ್ ಪರದೆಯ ಮೇಲೆ. ಕಳಿಸಿದ ಮೂವತ್ತು ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಕೆಲಸಕ್ಕೆ ಬರುತ್ತದೆ. ಒಂದು ಲೋಟ ಹಾಲು ಕೇಳಿದವರ ಮನೆಗೆ ಹಸುವನ್ನೇ ಅಟ್ಟಿದ ಹಾಗೆ.

ಸೈಜ್ ಇಳಿಸಿ ಎಂದರೆ ಫೋಟೊಗ್ರಾಫರುಗಳ ಮುಖ ಸಣ್ಣಗಾಗುತ್ತದೆ. ‘ಕ್ವಾಲಿಟಿ ಹೋಗುತ್ತೆ ಸಾರ್’ ಎನ್ನುತ್ತಾರೆ. ಈ ಹೆದರಿಕೆ ಹುಟ್ಟಿದ್ದು ಆಲ್ಬಂ ಲ್ಯಾಬಿನಲ್ಲಿ. ಅಲ್ಲಿ ಅದು ಸರಿಯೇ. 12ಕ್ಕೆ 36 ಇಂಚಿನ ಆಲ್ಬಂ ಹಾಳೆಯನ್ನು 300 ಡಿಪಿಐನಲ್ಲಿ ಪ್ರಿಂಟ್ ಹಾಕಲು 10,800 ಪಿಕ್ಸೆಲ್ ಅಗಲ ಬೇಕಾಗುತ್ತದೆ; ಲ್ಯಾಬಿನವರು ದೊಡ್ಡ ಫೈಲ್ ಕೇಳುವುದರಲ್ಲಿ ತಪ್ಪಿಲ್ಲ. ಪರದೆಯ ವ್ಯವಹಾರ ಬೇರೆ. ಫೈಲಿನಲ್ಲಿ ಡಿಪಿಐ 72 ಎಂದಿರಲಿ, 300 ಎಂದಿರಲಿ, ಬ್ರೌಸರ್ ಅದನ್ನು ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇಕಾದ್ದು ಪಿಕ್ಸೆಲ್ ಲೆಕ್ಕ. ಉದ್ದನೆಯ ಬದಿಗೆ 2000 ಪಿಕ್ಸೆಲ್ ಇಟ್ಟು, ಲೈಟ್‌ರೂಮ್ ತಂತ್ರಾಂಶದ ಎಕ್ಸ್‌ಪೋರ್ಟ್‌ನಲ್ಲಿ ಕ್ವಾಲಿಟಿಯನ್ನು 75-80ರ ನಡುವೆ ಇಟ್ಟರೆ ಸಾಮಾನ್ಯವಾಗಿ ಅರ್ಧ ಎಂಬಿ ಸುತ್ತಮುತ್ತ ಬಂದು ನಿಲ್ಲುತ್ತದೆ. ಎರಡನ್ನೂ ಫೋನಿನಲ್ಲಿ ಅಕ್ಕಪಕ್ಕ ಇಟ್ಟು, ಯಾವುದು ಯಾವುದೆಂದು ತೆಗೆದವರನ್ನೇ ಕೇಳಿ ನೋಡಿ. ಜೆಪೆಗ್ ಬದಲು ವೆಬ್‌ಪಿ ರೂಪದಲ್ಲಿ ಉಳಿಸಿದರೆ ಇನ್ನೂ ಹಗುರ. 2010ರಲ್ಲಿ ಅದನ್ನು ಹೊರತಂದ ಗೂಗಲ್, ಅಷ್ಟೇ ಗುಣಮಟ್ಟದ ಜೆಪೆಗ್‌ಗಿಂತ ಫೈಲು ನೂರಕ್ಕೆ 25ರಿಂದ 34ರಷ್ಟು ಚಿಕ್ಕದು ಎನ್ನುತ್ತದೆ. ಆ್ಯಪಲ್‌ನ ಸಫಾರಿ ಬಹಳ ಕಾಲ ವೆಬ್‌ಪಿ ಬೇಡವೆಂದಿತ್ತು. 2020ರಲ್ಲಿ ಅದೂ ಒಪ್ಪಿಕೊಂಡಿತು. ಈಗ ಹಿಂದೆಮುಂದೆ ನೋಡುವ ಕಾರಣವಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಹೆಚ್ಚು ಬಣ್ಣ ಸಿಗುತ್ತದೆಂದು ಕೆಲವರು ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಆರಿಸಿಕೊಂಡಿರುತ್ತಾರೆ. ಫೈಲನ್ನು ಹಗುರ ಮಾಡುವ ತಂತ್ರಾಂಶ ಅದರೊಳಗಿನ ಬಣ್ಣದ ಪ್ರೊಫೈಲನ್ನು ಕಿತ್ತುಹಾಕಿತೋ, ಬ್ರೌಸರ್ ಅದನ್ನು ವೆಬ್‌ನ ಮಾಮೂಲಿ ಬಣ್ಣದ ಅಳತೆಯಾದ ಎಸ್‌ಆರ್‌ಜಿಬಿ ಎಂದೇ ಓದಿಕೊಳ್ಳುತ್ತದೆ. ಅರಿಶಿನ ಶಾಸ್ತ್ರದ ಹಳದಿ ಸಪ್ಪೆಯಾಗುತ್ತದೆ, ಧಾರೆ ಸೀರೆಯ ಕೆಂಪು ಬಾಡುತ್ತದೆ. ವೆಬ್‌ಗೆ ಕಳಿಸುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಬದಲಿಸಿಯೇ ಕಳಿಸಬೇಕು.

ಇನ್ನು ಮಾತಿನ ಸಂಗತಿ. ಹೆಚ್ಚು ಹೇಳಬೇಕಿರುವುದು ಇಲ್ಲಿ.

ಹುಡುಕುವ ಯಂತ್ರ ಮೂಲತಃ ಓದುವ ಯಂತ್ರ. ಅದರ ಮುಂದೆ ಒಂದು ಫೋಟೊ ಇಟ್ಟರೆ, ಅದು ಏನಿರಬಹುದೆಂದು ತಿಳಿಯಲು ಸುತ್ತಲಿನ ಅಕ್ಷರಗಳನ್ನು ತಡಕುತ್ತದೆ. ಫೈಲಿಗೆ ಏನು ಹೆಸರು? ಕೋಡಿನಲ್ಲಿ ಆ ಚಿತ್ರಕ್ಕೆ ವಿವರಣೆ ಕೊಟ್ಟಿದೆಯೇ? ಕೆಳಗೆ ಅಡಿಬರಹ ಇದೆಯೇ? ಪುಟದ ಶೀರ್ಷಿಕೆ ಏನು, ಪಕ್ಕದ ಪ್ಯಾರಾದಲ್ಲಿ ಯಾವ ವಿಷಯ? ನಮ್ಮ ಸ್ಟುಡಿಯೋ ಸೈಟಿನಲ್ಲಿ ಈ ಪ್ರಶ್ನೆಗಳಿಗೆ ಸಿಗುವ ಉತ್ತರ ಇದು: ಫೈಲಿನ ಹೆಸರು ಕ್ಯಾಮೆರಾ ತಾನೇ ಇಟ್ಟ ಡಿಎಸ್‌ಸಿ 4821. ವಿವರಣೆ ಖಾಲಿ. ಅಡಿಬರಹ ಇಲ್ಲ. ಪುಟದ ಶೀರ್ಷಿಕೆ ‘ಗ್ಯಾಲರಿ’. ಪಕ್ಕದಲ್ಲಿ ಪ್ಯಾರಾವೇ ಇಲ್ಲ, ಡಿಎಸ್‌ಸಿ 4822 ಇದೆ.

ಯಂತ್ರಕ್ಕೂ ಈಗ ಕಣ್ಣು ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿದೆ, ನಿಜ. ಗೂಗಲ್ ಲೆನ್ಸ್ 2017ರಿಂದಲೇ ಗಿಡ, ಕಟ್ಟಡ, ಚಪ್ಪಲಿಗಳನ್ನು ಗುರುತಿಸುತ್ತಿದೆ. ಮದುವೆ ಫೋಟೊ ತೋರಿಸಿದರೆ ರೇಷ್ಮೆ ಸೀರೆ, ಹೂವಿನ ಹಾರ, ಭಾರತದ ಮದುವೆ ಎಂಬಷ್ಟನ್ನು ಹಿಡಿದೀತು. ಆದರೆ ಲಕ್ಷಾಂತರ ಮದುವೆ ಫೋಟೊಗಳಲ್ಲೂ ಇರುವುದು ಅಷ್ಟೇ. ನಿಮ್ಮದನ್ನು ಬೇರೆ ಮಾಡುವ ಸಂಗತಿಗಳು ಪಿಕ್ಸೆಲ್‌ಗಳೊಳಗೆ ಇಲ್ಲ, ನಿಮ್ಮ ತಲೆಯೊಳಗಿವೆ. ಅದು ಯಾವ ಊರಿನ ಯಾವ ಛತ್ರ, ಬೆಳಗಿನ ಜಾವದ ಮುಹೂರ್ತವೋ ಗೋಧೂಳಿಯೋ, ಇಬ್ಬರ ನಡುವೆ ಹಿಡಿದ ಬಟ್ಟೆ ಅಂತರಪಟವೋ ಸುಮ್ಮನೆ ಅಡ್ಡ ಬಂದ ಶಾಲೋ, ಅವರ ಕೈಯಲ್ಲಿರುವುದು ಜೀರಿಗೆ ಬೆಲ್ಲವೋ ಅಕ್ಷತೆಯೋ. ಹಾಸನದ ಸ್ಟುಡಿಯೋದವರು ಜಿಲ್ಲೆ ದಾಟಿ ಕೊಡಗಿನ ಮದುವೆಗಳಿಗೂ ಹೋಗುತ್ತಾರೆ. ಸಾಂಪ್ರದಾಯಿಕ ಕೊಡವ ಮದುವೆಯಲ್ಲಿ ಪುರೋಹಿತರಿಲ್ಲ. ಮದುಮಗ ಬಿಳಿಯ ಕುಪ್ಯ ತೊಟ್ಟು, ಸೊಂಟಕ್ಕೆ ಬಿಗಿದ ಚೇಲೆಗೆ ಪೀಚೆಕತ್ತಿ ಸಿಕ್ಕಿಸಿಕೊಂಡಿರುತ್ತಾನೆ. ನಿಲ್ಲಿಸಿದ ಬಾಳೆದಿಂಡನ್ನು ಕತ್ತಿಯಿಂದ ಕಡಿಯುವ ಗಳಿಗೆ ಒಂದೇ ಸಲ ಬರುತ್ತದೆ, ತಪ್ಪಿದರೆ ಮತ್ತೆ ತೆಗೆಯಲಾಗದು. ಇದು ಗೊತ್ತಿದ್ದು ಸರಿಯಾದ ಜಾಗದಲ್ಲಿ ನಿಂತವರು, ಗೊತ್ತಿದೆಯೆಂದು ಎರಡು ಸಾಲು ಬರೆಯಲು ಏನಡ್ಡಿ? ಕೊಡವ ಮದುವೆಗೆ ಫೋಟೊದವರನ್ನು ಹುಡುಕುವ ಮನೆಯವರಿಗೆ ಬೇಕಾದ ಭರವಸೆಯೂ ಅದೇ.

ಹಾಗಾಗಿ ಒಂದು ಫೋಟೊವನ್ನೇ ಎತ್ತಿಕೊಂಡು ಮಾಡಿ ನೋಡೋಣ. ಅಂತರಪಟ ಸರಿದ ಕ್ಷಣ. ಅವಳ ಅಂಗೈ ಅವನ ತಲೆಯ ಮೇಲಿದೆ, ಜೀರಿಗೆ ಬೆಲ್ಲ ಪೇಟದಿಂದ ಜಾರುತ್ತಿದೆ, ಹಿಂದೆ ಸೋದರಮಾವ ನಗುತ್ತಿದ್ದಾರೆ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಚಿಕ್ಕದಾಗಿ, ಪದಗಳ ನಡುವೆ ಅಡ್ಡಗೆರೆ ಹಾಕಿ ಕೊಡಬೇಕು: jeerige-bella-maduve-hassan. ಅಂಡರ್‌ಸ್ಕೋರ್ ಬೇಡ, ಅಡ್ಡಗೆರೆಯನ್ನೇ ಬಳಸಿ ಎನ್ನುವುದು ಗೂಗಲ್‌ನ ಸಲಹೆ. ಫೈಲಿಗೆ ಕನ್ನಡದಲ್ಲೇ ಹೆಸರಿಟ್ಟರೂ ಹುಡುಕುವ ಯಂತ್ರ ಓದಿಕೊಳ್ಳುತ್ತದೆ. ತೊಡಕು ಬರುವುದು ಕೊಂಡಿಯನ್ನು ನಕಲು ಮಾಡಿ ಯಾರಿಗಾದರೂ ಕಳಿಸುವಾಗ. ಯೂನಿಕೋಡಿನಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟು, ಕೊಂಡಿಯಲ್ಲಿ ಒಂದೊಂದು ಬೈಟಿಗೂ ಮೂರು ಅಕ್ಷರ. ‘ಮದುವೆ’ ಎಂಬ ಪುಟ್ಟ ಪದ ಶೇಕಡಾ ಚಿಹ್ನೆಗಳಿಂದ ತುಂಬಿದ 45 ಅಕ್ಷರಗಳ ಬಾಲವಾಗಿ ಬಿಡುತ್ತದೆ. ಕೊಂಡಿಗೆ ಇಂಗ್ಲಿಷ್ ಲಿಪಿ ಇರಲಿ, ಕನ್ನಡವನ್ನು ಪುಟದೊಳಗೆ ಕೈತುಂಬ ಬರೆಯೋಣ.

ಆಮೇಲೆ ವಿವರಣೆ. ಸೈಟು ಮಾಡುವವರು ಇದನ್ನು ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ. ಚಿತ್ರ ಹಾಕುವಾಗ ಪಕ್ಕದಲ್ಲೇ ಒಂದು ಖಾಲಿ ಚೌಕ ಕೇಳುತ್ತದಲ್ಲ, ಅದೇ. ಇಲ್ಲಿ ಕೆಲವರು ‘ಬೆಸ್ಟ್ ವೆಡ್ಡಿಂಗ್ ಫೋಟೊಗ್ರಾಫರ್ ಹಾಸನ, ಕ್ಯಾಂಡಿಡ್ ಫೋಟೊಗ್ರಾಫರ್ ಹಾಸನ, ಲೋ ಬಜೆಟ್ ಫೋಟೊಗ್ರಾಫರ್ ಹಾಸನ’ ಎಂದು ತುರುಕಿರುತ್ತಾರೆ, ಅದೂ ನೂರು ಫೋಟೊಗೂ ಒಂದೇ ಪಾಠ. ಗೂಗಲ್ ಇದನ್ನು ಸ್ಪ್ಯಾಮ್ ಎಂದು ಕರೆಯುತ್ತದೆ. ಗೂಗಲ್‌ನ ಮಾತು ಬಿಡಿ, ಆ ಚೌಕ ಇರುವುದು ಮೊದಲಿಗೆ ಕಣ್ಣು ಕಾಣದವರಿಗಾಗಿ. ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ತೆರೆಯೋದುಗಗಳು ಚಿತ್ರ ಬಂದಾಗ ಅದರಲ್ಲಿ ಬರೆದದ್ದನ್ನು ಜೋರಾಗಿ ಓದುತ್ತವೆ; ಏನೂ ಬರೆದಿಲ್ಲದಿದ್ದರೆ ಎಷ್ಟೋ ಸಲ ಫೈಲಿನ ಹೆಸರನ್ನೇ ಒಪ್ಪಿಸುತ್ತವೆ. ತಂಗಿಯ ಮದುವೆಯ ಪುಟ ತೆರೆದ ಅಂಧ ಅಣ್ಣನೊಬ್ಬ ‘ಡಿ ಎಸ್ ಸಿ ಅಂಡರ್‌ಸ್ಕೋರ್ ನಾಲ್ಕು ಎಂಟು ಎರಡು ಒಂದು’ ಎಂದು ಕೇಳಿಸಿಕೊಳ್ಳುವುದನ್ನು ನೆನೆದುಕೊಳ್ಳಿ. ಅದರ ಬದಲು ‘ಅಂತರಪಟ ಸರಿದ ಮೇಲೆ ವಧು ನಗುತ್ತ ವರನ ತಲೆಗೆ ಜೀರಿಗೆ ಬೆಲ್ಲ ಹಾಕುತ್ತಿದ್ದಾಳೆ’ ಎಂದು ಬರೆದಿದ್ದರೆ ಅವನಿಗೂ ಅರ್ಥವಾಯಿತು, ಯಂತ್ರಕ್ಕೂ ಅರ್ಥವಾಯಿತು. ಫೋನಿನಲ್ಲಿ ಮಾತಾಡುತ್ತಿರುವವರಿಗೆ ಫೋಟೊ ಹೇಗಿದೆ ಎಂದು ಹೇಳುವ ಹಾಗೆ ಒಂದು ವಾಕ್ಯ ಸಾಕು. ಊರಿನ ಹೆಸರು ಸಹಜವಾಗಿ ಬಂದರೆ ಬರಲಿ, ಪ್ರತಿ ಸಾಲಿಗೂ ಎಳೆದು ತರುವುದು ಬೇಡ. ಪುಟ ಕನ್ನಡದಲ್ಲಿದ್ದರೆ ವಿವರಣೆಯೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲಿ. ಬರೀ ಅಲಂಕಾರದ ಬಳ್ಳಿ, ಗೆರೆಗಳ ಚಿತ್ರವಾದರೆ ಚೌಕ ಖಾಲಿ ಇರಬೇಕು. ಅವುಗಳ ವರ್ಣನೆ ಯಾರಿಗೂ ಬೇಡ.

ಫೈಲಿನ ಹೆಸರು, ವಿವರಣೆ ಇವೆರಡಕ್ಕಿಂತಲೂ ತೂಕದ್ದು ಪುಟದ ಬರಹ. ‘ಗ್ಯಾಲರಿ’ ಎಂಬ ಒಂದೇ ಪುಟದಲ್ಲಿ ಹತ್ತು ವರ್ಷದ ಮುನ್ನೂರು ಫೋಟೊ ಪೇರಿಸುವ ಬದಲು, ಒಂದೊಂದು ಮದುವೆಗೆ ಒಂದೊಂದು ಪುಟ, ಪುಟಕ್ಕೆ ಇಪ್ಪತ್ತು ಮೂವತ್ತು ಫೋಟೊ, ಜೊತೆಗೆ ಮೂರು ನಾಲ್ಕು ಪ್ಯಾರಾ. ಏನು ಬರೆಯುವುದು ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ಛತ್ರದ ಹೆಸರು ಬರೆಯಿರಿ. ಛತ್ರ ಗೊತ್ತಾದ ಮನೆಯವರು ಆ ಹೆಸರಿನಲ್ಲೇ ಹುಡುಕುತ್ತಾರೆ, ಅಲ್ಲಿ ಮಂಟಪ ಹೇಗೆ ಕಾಣುತ್ತದೆ, ಆರತಕ್ಷತೆಗೆ ವೇದಿಕೆ ಸಾಲುತ್ತದೆಯೇ ನೋಡಲು. ಅವರಿಗೆ ನಿಮ್ಮ ಪುಟ ಸಿಕ್ಕಿದರೆ, ಅದೇ ಛತ್ರದಲ್ಲಿ ಕೆಲಸ ಮಾಡಿದವರು ಎಂಬ ಒಂದು ಅಂಕ ನಿಮಗಾಗಲೇ ಬಿತ್ತು. ಆ ಛತ್ರದಲ್ಲಿ ಎಲ್‌ಇಡಿ ಗೋಡೆಯ ನೀಲಿ ಬೆಳಕು ಮುಖದ ಮೇಲೆ ಹೇಗೆ ಬೀಳುತ್ತದೆ, ಅದನ್ನು ಹೇಗೆ ಸಂಭಾಳಿಸಿದಿರಿ, ಹೊರಗೆ ಜೋಡಿಯನ್ನು ನಿಲ್ಲಿಸಲು ಮರದ ನೆರಳು ಎಲ್ಲಿದೆ, ಹೀಗೆ ಕೆಲಸ ಮಾಡಿದವರಿಗಷ್ಟೇ ಗೊತ್ತಿರುವ ಮಾತು ಬರೆಯಿರಿ.

ಪ್ರೀ ವೆಡ್ಡಿಂಗ್ ಫೋಟೊಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಸನದ ಕಡೆ ಜೋಡಿಗಳು ಓಡುವುದು ಶೆಟ್ಟಿಹಳ್ಳಿಗೆ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದಮೇಲೆ ಹಿನ್ನೀರಿನ ಪಾಲಾಗಿ, ಚಾವಣಿಯಿಲ್ಲದ ಗೋಡೆ ಕಮಾನುಗಳಾಗಿ ಉಳಿದಿದೆ. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಅರ್ಧ ಮುಳುಗುತ್ತದೆ; ಬೇಸಿಗೆಯಲ್ಲಿ ಒಣ ನೆಲದ ಮೇಲೆ ನಿಂತಿರುತ್ತದೆ, ಒಳಗೆ ನಡೆದು ಹೋಗಬಹುದು. ನೀರಿನ ನಡುವೆ ನಿಂತ ಚರ್ಚಿನ ಫೋಟೊ ನೋಡಿ ಆಸೆಪಟ್ಟ ಜೋಡಿ ಏಪ್ರಿಲ್‌ನಲ್ಲಿ ಬಂದರೆ ಸಿಗುವುದು ಬಿರುಕು ಬಿಟ್ಟ ಕೆರೆಯಂಗಳ. ಸುಮ್ಮನೆ ‘ಶೆಟ್ಟಿಹಳ್ಳಿ ಚರ್ಚ್’ ಎಂಬ ಅಡಿಬರಹದ ಫೋಟೊಗಳು ಎಷ್ಟು ಬೇಕಾದರೂ ಇವೆ. ಯಾವ ತಿಂಗಳಲ್ಲಿ ತೆಗೆದದ್ದು, ಆಗ ನೀರು ಎಲ್ಲಿಯವರೆಗಿತ್ತು, ಬೆಳಗಿನ ಬಿಸಿಲು ಯಾವ ಕಮಾನಿನ ಮೂಲಕ ಬರುತ್ತದೆ ಎಂದು ಬರೆದವರು ಅಪರೂಪ. ಜನ ಕೇಳುವ ಪ್ರಶ್ನೆಯೇ ಅದು. ಉತ್ತರ ಬರೆದವರ ಫೋಟೊ ಮೇಲೆ ಬಂದರೆ ಅದರಲ್ಲಿ ಜಾದೂ ಏನಿಲ್ಲ.

ಸೈಟು ಕಟ್ಟುವವರಿಗೆ ಹೇಳಿ ಮಾಡಿಸಬೇಕಾದ ಕೆಲಸ ಒಂದಿಷ್ಟಿದೆ, ಬೇಗ ಹೇಳಿಬಿಡುತ್ತೇನೆ. ಕೆಲವು ಡಿಸೈನುಗಳಲ್ಲಿ ದೊಡ್ಡ ಫೋಟೊಗಳನ್ನು ಪುಟದ ಹಿನ್ನೆಲೆಯಾಗಿ ಸಿಎಸ್‌ಎಸ್ ಮೂಲಕ ಅಂಟಿಸಿರುತ್ತಾರೆ. ಹಾಗೆ ಹಾಕಿದ್ದನ್ನು ಗೂಗಲ್ ಚಿತ್ರವೆಂದು ಎಣಿಸುವುದೇ ಇಲ್ಲ. ಗೂಗಲ್‌ನ ಬಾಟ್ ನಮ್ಮ ಹಾಗೆ ಪುಟವನ್ನು ಸರಿಸುವುದಿಲ್ಲ, ಗುಂಡಿ ಒತ್ತುವುದಿಲ್ಲ. ‘ಇನ್ನಷ್ಟು ನೋಡಿ’ ಒತ್ತಿದ ಮೇಲೆ ಮಾತ್ರ ಇಳಿಯುವ ಫೋಟೊಗಳು ಅದರ ಲೆಕ್ಕಕ್ಕೆ ಇಲ್ಲವೇ ಇಲ್ಲ. ಫೋನಿಗೆ ಚಿಕ್ಕ ಪ್ರತಿ, ಲ್ಯಾಪ್‌ಟಾಪಿಗೆ ದೊಡ್ಡ ಪ್ರತಿ ತಾನಾಗೇ ಹೋಗುವಂತಿರಬೇಕು. ವರ್ಡ್‌ಪ್ರೆಸ್ 2015ರಿಂದ ಇದನ್ನು ತಾನೇ ಮಾಡುತ್ತದೆ, ಥೀಮಿನವರು ಕೆಡಿಸದಿದ್ದರೆ ಸಾಕು. ಕೆಳಗಿನ ಫೋಟೊಗಳು ಓದುಗರು ಅಲ್ಲಿಗೆ ಬಂದಾಗ ಇಳಿಯಲಿ, ಆದರೆ ಪುಟ ತೆರೆದೊಡನೆ ಕಾಣುವ ಮೊದಲ ದೊಡ್ಡ ಫೋಟೊಗೆ ಈ ಸೋಮಾರಿತನ ಕಲಿಸಬಾರದು. ಅದು ಎರಡೂವರೆ ಸೆಕೆಂಡಿನೊಳಗೆ ಪರದೆಯ ಮೇಲೆ ಬಂದಿರಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಚಿತ್ರದ ಅಗಲ ಎತ್ತರವನ್ನು ಕೋಡಿನಲ್ಲಿ ಬರೆದಿದ್ದರೆ ಬ್ರೌಸರ್ ಅಷ್ಟು ಜಾಗವನ್ನು ಮೊದಲೇ ಕಾದಿರಿಸುತ್ತದೆ. ಬರೆಯದಿದ್ದರೆ ಫೋನ್ ನಂಬರ್ ಒತ್ತಲು ಹೋದವರ ಬೆರಳ ಕೆಳಗೆ ಪುಟ ಜಿಗಿದು, ಇನ್ನೇನೋ ತೆರೆದುಕೊಳ್ಳುತ್ತದೆ.

‘ಒಂದೇ ತಿಂಗಳಲ್ಲಿ ಗೂಗಲ್ ಮೊದಲ ಪುಟ’ ಎಂದು ಫೋನ್ ಮಾಡುವವರು ಮಾರುವ ಸರಕಿನಲ್ಲಿ ಫೋಟೊಗ್ರಾಫರುಗಳಿಗೆಂದೇ ಒಂದು ಐಟಂ ಇದೆ: ಜಿಯೋ ಟ್ಯಾಗಿಂಗ್. ಫೋಟೊ ಫೈಲಿನೊಳಗೆ ನಿಮ್ಮ ಅಂಗಡಿಯ ಅಕ್ಷಾಂಶ ರೇಖಾಂಶ ತುಂಬಿದರೆ ಊರಿನ ಹುಡುಕಾಟದಲ್ಲಿ ಮೇಲೆ ಬರುತ್ತೀರಿ ಎನ್ನುತ್ತಾರೆ. ದುಡ್ಡು ಕೊಡಬೇಡಿ. ಹುಡುಕಾಟದಲ್ಲಿ ಮೇಲೇರಲು ಇದರ ಅಗತ್ಯವಿಲ್ಲವೆಂದು ಗೂಗಲ್‌ನ ಜಾನ್ ಮ್ಯುಲ್ಲರ್ ಹೇಳಿದ್ದಾರೆ. ಅದಕ್ಕಿಂತ, ಗಿರಾಕಿಯ ಮನೆಯಲ್ಲಿ ತೆಗೆದ ಬಳೆ ಶಾಸ್ತ್ರದ ಫೋಟೊದಲ್ಲಿ ಆ ಮನೆಯ ಗುರುತು ಉಳಿದರೆ ಯಾರಿಗೆ ಒಳ್ಳೆಯದು? ಫೈಲಿನೊಳಗೆ ತುಂಬಬೇಕಾದ ಬೇರೆ ಮಾಹಿತಿ ಇದೆ, ತೆಗೆದವರ ಹೆಸರು, ಹಕ್ಕಿನ ಸೂಚನೆ. ಐಪಿಟಿಸಿ ಎಂಬ ಈ ಚೌಕಗಳನ್ನು ಲೈಟ್‌ರೂಮಿನಲ್ಲಿ ಒಂದು ಸಲ ಪ್ರೀಸೆಟ್ ಮಾಡಿಟ್ಟರೆ ಪ್ರತಿ ಫೋಟೊಗೂ ತಾನಾಗಿ ಸೇರುತ್ತದೆ. ಗೂಗಲ್ ಇಮೇಜಸ್ ಅದನ್ನು ಓದಿ ಚಿತ್ರದ ಜೊತೆ ತೋರಿಸಬಲ್ಲದು. ವಾಟ್ಸ್‌ಆ್ಯಪಿನಲ್ಲಿ ಫೋಟೊವಾಗಿ ಹೋದ ಫೈಲಿನಲ್ಲಿ ಮಾತ್ರ ಇದಾವುದೂ ಉಳಿಯುವುದಿಲ್ಲ.

ಹಕ್ಕು ಎಂದ ಕೂಡಲೇ ಒಂದು ಕಹಿ ಸಂಗತಿ ಹೇಳಬೇಕು. ಸ್ಟುಡಿಯೋದವರಲ್ಲಿ ಹೆಚ್ಚಿನವರು ‘ನಾನು ತೆಗೆದದ್ದು, ನನ್ನದು’ ಎಂದುಕೊಂಡಿರುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಬೇರೆ ಮಾತು ಹೇಳುತ್ತದೆ. ಒಬ್ಬರು ಹಣ ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಅಂದರೆ ಅಡ್ವಾನ್ಸ್ ಇಸಕೊಂಡು ರಸೀದಿಯ ಹಿಂದೆ ತಾರೀಖು ಗೀಚಿ ಒಪ್ಪಿಕೊಂಡ ಮದುವೆಯ ಫೋಟೊಗಳನ್ನು ನಿಮ್ಮ ವೆಬ್‌ಸೈಟಿನಲ್ಲಿ ಹಾಕುವ ಹಕ್ಕೇ ನಿಮಗೆ ಇಲ್ಲದಿರಬಹುದು. ಒಂದು ಪುಟದ ಕರಾರು ಸಾಕು: ಇಂತಿಷ್ಟು ಫೋಟೊಗಳನ್ನು ನಮ್ಮ ಕೆಲಸದ ಮಾದರಿಯಾಗಿ ವೆಬ್‌ಸೈಟಿನಲ್ಲಿ ತೋರಿಸುತ್ತೇವೆ, ಬೇಡವೆಂದರೆ ತೆಗೆಯುತ್ತೇವೆ. ಮಕ್ಕಳ ಫೋಟೊ ತೆಗೆಯುವವರು ಇನ್ನೂ ಎಚ್ಚರ ವಹಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಕೇಳುತ್ತದೆ.

ಹುಡುಕಿದರೆ ಸಿಗಬೇಕು ಎಂಬ ಆಸೆಯ ಇನ್ನೊಂದು ಬದಿ ಇದು. ಫೈಲಿನ ಹೆಸರಿನಲ್ಲೂ ಪುಟದ ಶೀರ್ಷಿಕೆಯಲ್ಲೂ ವಧುವರರ ಪೂರ್ತಿ ಹೆಸರು ಹಾಕುವ ಫ್ಯಾಷನ್ ಬಂದಿದೆ. ಆರೇಳು ವರ್ಷ ಕಳೆದು ಆ ಮದುವೆ ಮುರಿದಿದ್ದರೆ, ಹುಡುಗಿಯ ಹೆಸರನ್ನು ಕೆಲಸ ಕೊಡುವವರೋ ಹೊಸ ಸಂಬಂಧದವರೋ ಗೂಗಲ್ ಮಾಡಿದಾಗ ಮೊದಲು ಎದುರಾಗುವುದು ನಿಮ್ಮ ಆ ಚೆಂದದ ಫೋಟೊ. ಹೆಸರು ಬೇಡ, ಶಾಸ್ತ್ರ, ಊರು, ಛತ್ರ ಸಾಕು. ಗಿರಾಕಿಗಳಿಗೆ ಆರಿಸಿಕೊಳ್ಳಲು ಕೊಡುವ ಪೂರ್ತಿ ಗ್ಯಾಲರಿಗೆ ಪಾಸ್‌ವರ್ಡ್ ಇರಲೇಬೇಕು. ಲಿಂಕ್ ಯಾರಿಗೂ ಕೊಟ್ಟಿಲ್ಲವಲ್ಲ ಎಂಬ ಧೈರ್ಯ ಸಾಲದು, ಮನೆಯವರ ವಾಟ್ಸ್‌ಆ್ಯಪ್ ಗುಂಪಿನಿಂದ ಅದು ಎಲ್ಲೆಲ್ಲಿಗೆ ಹೋಗಿರುತ್ತದೋ. ಯಾರಾದರೂ ತೆಗೆಯಿರಿ ಎಂದರೆ ಮೊದಲು ಸೈಟಿನಿಂದ ಅಳಿಸಿ, ಆಮೇಲೆ ಸೈಟಿನವರಿಗೆಂದು ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲಿನಲ್ಲಿ ಮರೆಮಾಡುವ ಅರ್ಜಿ ಹಾಕಬೇಕು. ಆ ಅರ್ಜಿಯ ಆಯುಸ್ಸು ಸುಮಾರು ಆರು ತಿಂಗಳು. ಸೈಟಿನಲ್ಲಿ ಹಾಗೇ ಬಿಟ್ಟು ಬರೀ ಅರ್ಜಿ ಹಾಕಿದರೆ ಮತ್ತೆ ಮೇಲೆ ಬರುತ್ತದೆ.

ಇಷ್ಟೆಲ್ಲ ಮಾಡಿದರೆ ಬುಕಿಂಗ್ ಸುರಿಯುತ್ತದೆಯೇ? ಸುರಿಯುವುದಿಲ್ಲ. ಚಿತ್ರ ಹುಡುಕುವವರೆಲ್ಲ ಗಿರಾಕಿಗಳಲ್ಲ. 2000ದ ಫೆಬ್ರವರಿಯಲ್ಲಿ ಗ್ರ್ಯಾಮಿ ಸಮಾರಂಭಕ್ಕೆ ಜೆನ್ನಿಫರ್ ಲೋಪೆಜ್ ಉಟ್ಟು ಬಂದ ಹಸಿರು ವರ್ಸಾಚೆ ಉಡುಪನ್ನು ನೋಡಲು ಜನ ಗೂಗಲ್‌ಗೆ ಮುಗಿಬಿದ್ದರು. ಅಕ್ಷರದ ಫಲಿತಾಂಶ ಬಿಟ್ಟರೆ ಕೊಡಲು ಅದರ ಬಳಿ ಏನೂ ಇರಲಿಲ್ಲ. ಮರುವರ್ಷ ಜುಲೈನಲ್ಲಿ ಗೂಗಲ್ ಇಮೇಜಸ್ ಹುಟ್ಟಿದ್ದರ ಹಿಂದೆ ಆ ಉಡುಪಿನ ಪಾಲೂ ಇತ್ತೆಂದು ಕಂಪನಿಯ ಮುಖ್ಯಸ್ಥರಾಗಿದ್ದ ಎರಿಕ್ ಸ್ಮಿತ್ ಮುಂದೆ ಬರೆದರು. ಜನ ಇವತ್ತಿಗೂ ಬರುವುದು ಬಟ್ಟೆ ನೋಡಲು. ನಿಮ್ಮ ಮದುವೆ ಪುಟಕ್ಕೆ ಬಂದವರಲ್ಲಿ ಬಹಳಷ್ಟು ಮಂದಿಗೆ ಬೇಕಿರುವುದು ಬ್ಲೌಸಿನ ಬೆನ್ನಿನ ಡಿಸೈನು, ಮೊಗ್ಗಿನ ಜಡೆ, ಮಂಟಪದ ಹೂವು. ಸರ್ಚ್ ಕನ್ಸೋಲಿನಲ್ಲಿ ‘ಇಮೇಜ್’ ಎಂದು ಆರಿಸಿಕೊಂಡರೆ ಯಾವ ಪದ ಹುಡುಕಿ ಬಂದರೆಂಬ ಪಟ್ಟಿ ಬಿಟ್ಟಿ ಸಿಗುತ್ತದೆ, ನೋಡಿ. ಸಾವಿರ ಜನ ಬ್ಲೌಸಿಗೆ ಬಂದದ್ದಕ್ಕಿಂತ, ಹತ್ತು ಜನ ಛತ್ರದ ಹೆಸರು ಹಿಡಿದು ಬಂದದ್ದು ನಿಮ್ಮ ವ್ಯಾಪಾರಕ್ಕೆ ದೊಡ್ಡದು. ಬುಕಿಂಗ್ ಈಗಲೂ ಹೆಚ್ಚಾಗಿ ಬಾಯಿಮಾತಿನಿಂದ, ಗೂಗಲ್ ಮ್ಯಾಪಿನಲ್ಲಿರುವ ಅಂಗಡಿಯ ಗುರುತಿನಿಂದ, ಇನ್‌ಸ್ಟಾಗ್ರಾಂನಿಂದ ಬರುತ್ತದೆ ಎಂಬುದು ನನ್ನ ಅಂದಾಜು. ಆದರೆ ಅಲ್ಲಿಂದ ಬಂದವರು ದುಡ್ಡು ಕೊಡುವ ಮುಂಚೆ ಒಮ್ಮೆ ಸೈಟನ್ನು ತೆರೆದು ನೋಡುತ್ತಾರೆ. ಆಗ ಅದು ತೆರೆಯಬೇಕು, ತೆರೆದು ಏನಾದರೂ ಹೇಳಬೇಕು.

ಇದನ್ನೋದಿ ಇವತ್ತೇ ರಾತ್ರಿ ಕೂತು ಹಳೆಯ ಫೈಲುಗಳ ಹೆಸರನ್ನೆಲ್ಲ ಬದಲಿಸಲು ಹೊರಟೀರಿ, ಬೇಡ. ಹೆಸರು ಬದಲಾದರೆ ಕೊಂಡಿ ಬದಲಾಗುತ್ತದೆ. ಹಳೆಯ ಕೊಂಡಿಯಿಂದ ಹೊಸದಕ್ಕೆ ದಾರಿ ಮಾಡಿಕೊಡದಿದ್ದರೆ ಇದ್ದ ಅಲ್ಪಸ್ವಲ್ಪ ಗುರುತೂ ಹೋಗುತ್ತದೆ. ಚಿತ್ರಗಳನ್ನು ಗೂಗಲ್ ಪದೇ ಪದೇ ಬಂದು ನೋಡುವುದೂ ಇಲ್ಲ. ಹಳೆಯವಕ್ಕೆ ವಿವರಣೆ, ಅಡಿಬರಹ ಸೇರಿಸಿ, ಗಾತ್ರ ಇಳಿಸಿ, ಹೆಸರನ್ನು ಇದ್ದ ಹಾಗೇ ಬಿಡಿ. ಹೊಸ ಹೆಸರಿನ ಪದ್ಧತಿ ಮುಂದಿನ ಮದುವೆಯಿಂದ ಶುರುವಾಗಲಿ. ಅಳಿದುಳಿದ ಕೆಲಸಕ್ಕೆ ಆಷಾಢ ಇದ್ದೇ ಇದೆ. ಮುಹೂರ್ತಗಳಿಲ್ಲ, ಸ್ಟುಡಿಯೋದ ಹುಡುಗರು ಲೈಟ್ ಸ್ಟ್ಯಾಂಡ್ ಒರೆಸುತ್ತ ಕೂತಿರುತ್ತಾರೆ. ದಿನಕ್ಕೊಂದು ಮದುವೆಯ ಪುಟ ಬರೆಸಿ, ಬರೆಯುವ ಮುಂಚೆ ಆ ಮನೆಯವರಿಗೊಂದು ಫೋನ್ ಮಾಡಿ ಒಪ್ಪಿಗೆ ಕೇಳಿ. ಎಷ್ಟೋ ಕಡೆ ಅದೇ ಫೋನಿನಲ್ಲಿ ತಮ್ಮನ ಮದುವೆಯ ಅಥವಾ ಮಗುವಿನ ನಾಮಕರಣದ ತಾರೀಖೂ ಸಿಗುತ್ತದೆ.